ನೀರಿನತ್ತ ಎಳೆದ ಗೆರೆ

ತನಾಮಿ ಮರಳುಗಾಡು
ಜುಲೈ 14

ಪ್ರೀತಿಯ ಕೊರಾಲಿ,

ಹೇಗಿದ್ದೀಯೆ? ಆಲಿಸ್ ಸ್ಪ್ರಿಂಗ್ಸ್‌ನ ಚಳಿಗೆ ಮಂಡಿನೋವು ಹೆಚ್ಚಿತೇ? ತಡವಾಗಿ ಬರೆಸುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನನ್ನ ಬೈಗುಳವನ್ನೆಲ್ಲ ಬರೆಯಲಾರೆ ಎಂದು ಮಗಳು ರೋಂಡಾ ಪೆನ್ನು ಕೆಳಗಿಟ್ಟಳು. ಇಲ್ಲಿ ಉಳಿದಿರುವುದು ಸೋಸಿದ್ದು.

ನಿನ್ನ ಚಿತ್ರಕ್ಕೆ ಬಹುಮಾನ ಬಂತಂತೆ. ಸಂತೋಷ ಎನ್ನೋಣವೆಂದರೆ ಬಾಯಿ ಬರುತ್ತಿಲ್ಲ. ರೋಂಡಾ ಅದನ್ನು ಫೋನಿನಲ್ಲಿ ನೋಡಿ, "ಅಮ್ಮಾ, ಅಕ್ಕತಂಗೀರ ಹೆಜ್ಜೆ ಸೀದಾ ನೀರಿಗೇ ಹೋಗಿದೆ" ಎಂದಳು. ಕೈಯಲ್ಲಿದ್ದ ಚಹಾ ನನ್ನ ಮಡಿಲಿಗೆ ಚೆಲ್ಲಿತು.

ಲೋಕ ಹುಟ್ಟಿದ ಕಾಲದಲ್ಲಿ ನಮ್ಮ ಆ ಅಕ್ಕತಂಗಿ ಅಜ್ಜಿಯರಿಬ್ಬರೂ ಆ ನೀರುಗುಂಡಿಯನ್ನು ದೂರದಿಂದಲೇ ಸುತ್ತುಬಳಸಿ ಹೋದರು. ಅದು ಗಂಡಸರ ನೀರು. ನಾಲಗೆ ಒಣಗಿದ್ದರೂ ಅತ್ತ ತಿರುಗಲಿಲ್ಲ. ಆ ಬಳಸುದಾರಿಯೇ ನಮ್ಮ ನಾಡು, ಕೊರಾಲಿ. ನೀನು ಅವರನ್ನು ನಟ್ಟನಡುವೆ ನಡೆಸಿಬಿಟ್ಟೆ. ಯಾಕೆ? "ಗೆರೆ ನೇರ ಇದ್ರೆ ಚೆಂದ ಕಾಣುತ್ತೆ" ಎಂದು ಚಿತ್ರ ಮಾರುವ ಗ್ರಹಾಂ ಹೇಳಿದನೆಂದು ಪತ್ರಿಕೆಯವರಿಗೆ ನೀನೇ ಅಂದೆಯಂತೆ! ಅವನಜ್ಜಿ ನಡೆದಿದ್ದಳೇ ಅಲ್ಲಿ?

ತೀರಿಕೊಂಡಿದ್ದರಿಂದ ಹೆಸರೆತ್ತಬಾರದ ನಿನ್ನ ಅಪ್ಪ, ಅಂದರೆ ನನ್ನ ಸೋದರಮಾವ, ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ಮರೆತೆಯಾ? ತಂದೆಯ ಕಡೆಯಿಂದ ಕಥೆ ನಿನ್ನದು, ನೀನು ಬಿಡಿಸಬೇಕು. ತಾಯಿಯ ಕಡೆಯಿಂದ ಅದರ ಕಾವಲು ನನ್ನದು. ಪಕ್ಕದಲ್ಲಿ ಕೂತು ಆ ದಾರಿಯ ಹಾಡು ಹಾಡಬೇಕು, ತಪ್ಪಿದರೆ ಅಳಿಸು ಎನ್ನಬೇಕು. ನಾನಿಲ್ಲದೆ ನೀನು ಹಚ್ಚಿದ್ದು ಬರೀ ಬಣ್ಣ.

ತಪ್ಪು ನಿನ್ನದು, ಬೈಸಿಕೊಳ್ಳುವವಳು ನಾನು. ಊರ ಹಿರಿಯ ಜಾಕಮಾರಾ ಮನೆಗೇ ಬಂದ. "ಏನಮ್ಮಾ ಐವಿ, ಕಾವಲು ಕೂತಿದ್ಯೋ, ಗೊರಕೆ ಹೊಡೀತಿದ್ಯೋ?" ಎಂದ.

"ನನ್ನನ್ನ ಕರೆದೇ ಇಲ್ಲ ಕಣಯ್ಯಾ" ಎಂದೆ.

"ಹಾಗಂದ್ರೆ ನಿನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ ಅಂತಾಯ್ತು" ಎಂದು ಎದ್ದ. ಕಾಂಗರೂ ಬಾಲ ಸುಟ್ಟಿಟ್ಟಿದ್ದೆ, ಮುಟ್ಟಲಿಲ್ಲ. ನಮ್ಮ ಮನೆಯಿಂದ ಯಾರೂ ಹಾಗೆ ಎದ್ದು ಹೋದದ್ದಿಲ್ಲ.

ಮುಂದಿನ ತಿಂಗಳು ಚಿತ್ರ ಪ್ಯಾರಿಸ್ಸಿನ ವಿಮಾನ ಹತ್ತುತ್ತದಂತೆ. ಹತ್ತಕೂಡದು. ಬಹುಮಾನ ಬೇಕಾದರೆ ಅವರೇ ಇಟ್ಟುಕೊಳ್ಳಲಿ. ಚಿತ್ರದ ಬಟ್ಟೆ ಸುತ್ತಿಕೊಂಡು ಶನಿವಾರದ ಬಸ್ಸಿಗೆ ಬಾ. ಆ ಗೆರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ದಾರಿಯನ್ನು ಮತ್ತೆ ಸುತ್ತುಬಳಸಿ ಎಳೆಯೋಣ. ಗ್ರಹಾಂ ಕುಣಿದರೆ ಕುಣಿಯಲಿ.

ಆ ಅಜ್ಜಿಯರು ನಿನ್ನ ಕೈ ಬಿಡದಿರಲಿ. ಅವರಿಗೆ ನನಗಿಂತ ತಾಳ್ಮೆ ಇದೆ ಎಂದುಕೊಂಡಿದ್ದೇನೆ.

ನಿನ್ನ ಅತ್ತೆಯ ಮಗಳು,
ಐವಿ

ಇದೊಂದು ಹೇಳದೆ ಕಾಗದ ಮಡಚಲಾರೆ. ಅಮ್ಮನನ್ನೇಕೆ ಕರೆಯಲಿಲ್ಲ ಎಂದು ರೋಂಡಾ ಗ್ರಹಾಂನನ್ನು ಫೋನಿನಲ್ಲಿ ಕೇಳಿದಳು. "ಕೊರಾಲಿನೇ ಬೇಡ ಅಂದ್ಲು. ಐವಿಗೆ ಕಣ್ಣು ಹೋಗಿದೆ, ಅವಳೇನು ನೋಡ್ತಾಳೆ ಅಂದ್ಲು" ಎಂದನಂತೆ. ನಿನ್ನಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಕೂತು ಮಾಡಿದ ಮೊದಲ ಚಿತ್ರ ನೆನಪಿದೆಯಾ? ಹೆಂಗಸರೆಲ್ಲ ನೋಡಿ ಅತ್ತರಲ್ಲ, ಅದು. ಆಗಲೇ ನನ್ನ ಕಣ್ಣ ಮುಂದೆ ಬರೀ ಕತ್ತಲೆ. ನಿನ್ನ ಧೈರ್ಯ ಕುಗ್ಗೀತೆಂದು ಹೇಳಲಿಲ್ಲ. ನಾನು ಹಾಡಿದಂತೆ ನಿನ್ನ ಕೈ ನಡೆಯಿತು, ಒಂದು ಚುಕ್ಕಿಯೂ ತಪ್ಪಲಿಲ್ಲ.