ಅಳು ನಿಂತ ಮನೆ

ಮನೆಯಿಂದ,
ಹದಿನಾರನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಭಾವನವರ ಕೆಮ್ಮು ಇಳಿಯಿತೇ? ಶಿಶುವಿಹಾರದ ಆ ಗೇಣುದ್ದದ ಕುರ್ಚಿಗಳ ಮೇಲೆ ದಿನವಿಡೀ ಕೂತರೆ ಮಂಡಿ ಇನ್ನೇನಾಗುತ್ತದೆ ಹೇಳು. ನನ್ನ ಕ್ಷೌರದಂಗಡಿಗೆ ಬಣ್ಣ ಹೊಡೆಯುತ್ತಿದ್ದಾರೆ, ನಿನ್ನೆಯಿಂದ ಮನೆಯಲ್ಲೇ ಇದ್ದೇನೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಮನಸ್ಸು ಬರಲಿಲ್ಲ.

ನಿನ್ನ ಸೋದರಳಿಯ ಗುಂಡನ ಹಟ ನಿನಗೆ ಗೊತ್ತೇ ಇದೆ. ಬಾಳೆಹಣ್ಣು ಸುಲಿದು ಕೊಟ್ಟರೆ ಯಾಕೆ ಸುಲಿದೆ ಎಂದು ಅಳು, ಸಿಪ್ಪೆ ಮತ್ತೆ ಅಂಟಿಸು ಎಂದು ನೆಲದ ಮೇಲೆ ಹೊರಳಾಟ. ಎಡಗಾಲಿನ ಚಪ್ಪಲಿ ಮೊದಲು ಹಾಕಿದರಂತೂ ಭೂಮಿ ಆಕಾಶ ಒಂದು. ಎಂಥ ಚಂಡಿ ಮಕ್ಕಳನ್ನೂ ಪುಸಲಾಯಿಸಿ ಕೂರಿಸಿ ಕೂದಲು ಕತ್ತರಿಸಿ ಕಳಿಸುವವನು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಗೆ ಬಿತ್ತು ಅಂತಾರಲ್ಲ, ಮನೆಗೆ ಬಂದರೆ ನನ್ನದು ಅದೇ ಪಾಡು. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. ಗಾರ್ಮೆಂಟ್ಸ್‌ನಿಂದ ದಣಿದು ಬಂದ ನನ್ನ ಹೆಂಡತಿ ಒಂದು ಸಂಜೆ ಅವನ ಪಕ್ಕದಲ್ಲೇ ಕುಸಿದು ತಾನೂ ಅತ್ತಳು. ಮೊದಲು ಯಾರ ಕಣ್ಣೊರೆಸಬೇಕೋ ನನಗೆ ತಿಳಿಯಲಿಲ್ಲ.

ಆಗಲ್ಲವೇ ನೀನು ಫೋನಿನಲ್ಲಿ ಹೇಳಿದ್ದು, "ಅಳ್ತಿದ್ರೆ ಅಳ್ಲಿ ಬಿಡೋ, ಮುಖ ನೋಡ್ಬೇಡಿ. ನಿಲ್ಸಿದ್ಮೇಲೆ ಎತ್ಕೊಳ್ಳಿ" ಅಂತ. ಮೊದಲರ್ಧವನ್ನು ಚಾಚೂ ತಪ್ಪದೆ ಮಾಡಿದೆವು. ಅವನು ಅಳುವಾಗ ಇವಳು ಬಟ್ಟೆ ಮಡಚುವಳು, ನಾನು ಕತ್ತರಿಗೆ ಎಣ್ಣೆ ಹಾಕುವೆ. ಅಳು ನಿಂತ ಮೇಲೆ, ಅಕ್ಕಾ, ಆ ಮೌನ ಎಷ್ಟು ಹಿತವಾಗಿರುತ್ತಿತ್ತೆಂದರೆ, ಮುಟ್ಟಿದರೆ ಎಲ್ಲಿ ಮತ್ತೆ ಶುರುವಾಗುತ್ತದೋ ಎಂದು ಹೆದರಿ ಇಬ್ಬರೂ ಕೂತಲ್ಲೇ ಕೂತಿರುತ್ತಿದ್ದೆವು. ನಾಳೆ ಎತ್ತಿಕೊಂಡರಾಯಿತು ಎಂದುಕೊಳ್ಳುತ್ತಿದ್ದೆವು.

ಈಗ ಗುಂಡ ಅಳುವುದಿಲ್ಲ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ, "ಮಗು ಎಷ್ಟು ಜಾಣ ಆಗ್ಬಿಟ್ಟಿದೆ!" ಎಂದು ಹೊಗಳಿದರು. ಹಣ್ಣು ಹೇಗೆ ಕೊಟ್ಟರೂ ತಿನ್ನುತ್ತಾನೆ, ಯಾವ ಚಪ್ಪಲಿಗಾದರೂ ಕಾಲು ಕೊಡುತ್ತಾನೆ. ತೋಳು ಚಾಚಿ ಬಾರೋ ಎಂದರೆ ಮಾತ್ರ ನಿಂತಲ್ಲೇ ನಿಂತು ನೋಡುತ್ತಾನೆ. ಬಲವಂತವಾಗಿ ಎತ್ತಿಕೊಂಡರೆ ಮೈ ಸೆಟೆದುಕೊಂಡು, ಇಳಿಸುವುದನ್ನೇ ಕಾಯುತ್ತಾನೆ. ದೊಡ್ಡವನಾಗುತ್ತಿದ್ದಾನೆ ಎನ್ನುತ್ತಾಳೆ ಇವಳು. ಎರಡೂವರೆ ವರ್ಷಕ್ಕೆ ಎಂಥ ದೊಡ್ಡತನ? ನನಗೆ ಭಯವಾಗುತ್ತಿದೆ ಅಕ್ಕಾ.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಭಾವನವರಿಗೆ ನಮಸ್ಕಾರ ತಿಳಿಸು. ನೀವಿಬ್ಬರೂ ಸುಖವಾಗಿದ್ದರೆ ನಮಗಷ್ಟೇ ಸಾಕು.

ನಿನ್ನಿಂದ ಕಿವಿ ಹಿಂಡಿಸಿಕೊಂಡು ಬೆಳೆದ
ತಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಬೆಳಿಗ್ಗೆ ಗುಂಡನ ಉಗುರು ಕತ್ತರಿಸಲು ಕೂತೆ. ಒಂದು ಬೆರಳು ಊದಿ, ಉಗುರು ಕಪ್ಪುಗಟ್ಟಿತ್ತು. ಏನಾಯ್ತೋ ಎಂದರೆ "ಬಾಗ್ಲು" ಎಂದ. ನಿನ್ನೆಯೆಲ್ಲ ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಒಂದು ಚೂರು ಸದ್ದೂ ಕೇಳಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು, "ಗುಂಡ ಅಳ್ಲಿಲ್ಲ" ಎಂದ. ಬೆರಳು ಸರಿಹೋಗುತ್ತದಂತೆ, ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಇವಳಿಗಿನ್ನೂ ಹೇಳಿಲ್ಲ. ನೋವಾದಾಗ ನಮ್ಮ ಹತ್ತಿರ ಬಂದು ಅಳಬೇಕು ಎಂದು ಮಗುವಿಗೆ ಹೇಗೆ ಕಲಿಸುತ್ತಾರೆ ಅಕ್ಕಾ? ನಿನಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆದುಬಿಡು.