ಇಂಟರ್‌ವ್ಯೂನಲ್ಲಿ ಸುಮ್ಮನೆ ಕೂರಬೇಡ

ಪ್ರೀತಿಯ ಮಾತಿನಮಲ್ಲಿ,

ನಿನ್ನೆ ಸಂಜೆಯಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ‘ಹೇಗಾಯ್ತೇ? ನಮ್ಮ ಆನ್‌ಲೈನ್ ಡಿಗ್ರಿ ಕೆಲಸಕ್ಕೆ ಬಂತಾ, ಇಲ್ವಾ?’ ಎಂದು ಮೆಸೇಜನ್ನೂ ಕಳಿಸಿದ್ದೀಯ. ‘ಪರವಾಗಿಲ್ಲ’ ಎಂದಷ್ಟೇ ಬರೆದು ನಾನು ತಪ್ಪಿಸಿಕೊಂಡೆ. ಮಾತಿಗೆ ಕೂತರೆ ಮುಖ್ಯವಾದದ್ದನ್ನೇ ನುಂಗಿಬಿಡುತ್ತೇನೆಂಬ ಭಯ, ಅದಕ್ಕೇ ಈ ಈಮೇಲ್. ನಾನು ಕೆಲಸ ಮಾಡುವ ದಂತವೈದ್ಯರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಯಾರದೋ ಹಲ್ಲು ಕೊರೆಯುತ್ತಿದ್ದಾರೆ, ಆ ಸದ್ದು ಇವತ್ತು ನನ್ನ ತಲೆಯೊಳಗೇ ಓಡಾಡುತ್ತಿದೆ.

ಮೂರು ವರ್ಷ ಒಟ್ಟಿಗೆ ಓದಿದೆವು, ಒಮ್ಮೆಯೂ ಎದುರುಬದುರು ಕೂರಲಿಲ್ಲ. ನಿನ್ನ ದನಿ ಗೊತ್ತು, ನಿನ್ನ ಕೋಣೆಯ ಕಿರುಗುಟ್ಟುವ ಫ್ಯಾನೂ ಗೊತ್ತು. ‘ಮನೇಲಿ ಕೂತು ಡಿಗ್ರಿನಾ? ಮಂಚದ ಮೇಲೆ ಈಜು ಕಲಿತ ಹಾಗೆ’ ಎಂದು ನನ್ನ ಅತ್ತೆ ಆಡಿಕೊಂಡಾಗ ನನಗೆ ಅಳು ಬಂದಿತ್ತು. ‘ಮುಳುಗೋ ಭಯ ಆದ್ರೂ ಇಲ್ವಲ್ಲ, ಬಿಡೇ’ ಎಂದು ನಗಿಸಿದವಳು ನೀನು. ಒಂದೇ ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕಿ, ಇಬ್ಬರಿಗೂ ಇಂಟರ್‌ವ್ಯೂಗೆ ಕರೆ ಬಂದಾಗ ಇಬ್ಬರಿಗೂ ಕೆಲಸ ಸಿಕ್ಕಿತೆಂದೇ ಕುಣಿದೆವು.

ನಮ್ಮ ಪರೀಕ್ಷೆಗಳು ನೆನಪಿವೆಯಲ್ಲ? ಕ್ಯಾಮೆರಾ ಮುಖವನ್ನೇ ಕಾಯುತ್ತಿತ್ತು. ಕಣ್ಣು ಪರದೆ ಬಿಟ್ಟು ಆಚೆ ಹೋದರೆ ನಕಲು, ಮೇಜಿನ ಮೇಲೆ ಪೆನ್ನು ಕಂಡರೆ ನಕಲು, ತುಟಿ ಅಲ್ಲಾಡಿದರೆ ಪಕ್ಕದಲ್ಲಿ ಯಾರೋ ಇದ್ದಾರೆಂಬ ಗುಮಾನಿ. ಪ್ರಶ್ನೆಯನ್ನು ಗುನುಗಿಕೊಂಡು ಓದುವ ಚಾಳಿಗೆ ನಿನ್ನ ಒಂದು ಪೇಪರೇ ರದ್ದಾಯಿತು. ಮುಂದಿನ ಸಲ ನೀನು ಬಾಯಿತುಂಬ ನೀರು ಹಿಡಿದುಕೊಂಡು ಬರೆದು ಪಾಸಾದೆ. ಪಾಠ ಎಷ್ಟು ತಲೆಗೆ ಹತ್ತಿತೋ ಕಾಣೆ, ಕಲ್ಲಿನ ಹಾಗೆ ಕೂರುವುದನ್ನಂತೂ ಇಬ್ಬರೂ ಚೆನ್ನಾಗಿ ಕಲಿತೆವು.

ನಿನ್ನೆ ನಾನು ಹಾಗೇ ಕೂತೆ.

ಮೇಜಿನಾಚೆ ಇಬ್ಬರಿದ್ದರು. ನೇಮಕಾತಿಯ ಹುಡುಗ ನನ್ನ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, ಕಾಲೇಜಿನ ಮೆಟ್ಟಿಲನ್ನೇ ಹತ್ತಿಲ್ಲವೇ ಎಂದು ಕೇಳಿದ. ಇನ್ನೊಬ್ಬರು ತಂಡದ ಮುಖ್ಯಸ್ಥೆ, ಕನ್ನಡಕವನ್ನು ತಲೆಗೇರಿಸಿಕೊಂಡ ಹೆಂಗಸು. ಡಿಗ್ರಿ ಇದೆಯೆಂದೇ ಕರೆದದ್ದು, ಇನ್ನು ಅದರ ಮಾತು ಸಾಕು ಎಂದು ಅವನನ್ನು ತಡೆದರು. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ, ಬುಕಿಂಗ್ ಮಾಡುವಾಗ ಒಂದೇ ಹೊತ್ತನ್ನು ಇಬ್ಬರು ಗಿರಾಕಿಗಳಿಗೆ ಕೊಡುತ್ತಿದ್ದ ಪ್ರೋಗ್ರಾಮೊಂದನ್ನು ತೋರಿಸಿ, ತಪ್ಪು ಹುಡುಕಿ ಎಂದರು. ಪಕ್ಕದಲ್ಲಿ ಹಾಳೆ, ಪೆನ್ನು ಇಟ್ಟರು. ನಾನೇನು ಮಾಡಿದೆ ಗೊತ್ತೇ? ಪೆನ್ನನ್ನು ದೂರ ತಳ್ಳಿದೆ. ತುಟಿ ಬಿಗಿದೆ. ಪರದೆಯಿಂದ ಕಣ್ಣು ಕೀಳಲಿಲ್ಲ. ಯೋಚಿಸುವುದನ್ನು ಬಾಯಿಬಿಟ್ಟು ಹೇಳಿ ಎಂದು ಅವರು ಎರಡು ಸಲ ಕೇಳಿದರು. ಕಿವಿಗೆ ಬಿತ್ತು, ಆದರೂ ಕೀಲಿಗಳನ್ನಷ್ಟೇ ಒತ್ತುತ್ತಿದ್ದೆ. ತಪ್ಪು ಸಿಕ್ಕಿತು, ತಿದ್ದಿದೆ, ಕೈ ಕಟ್ಟಿ ಕೂತೆ. ಬಾಯಿಪಾಠದ ಗಿರಾಕಿ ಎಂದು ಹುಡುಗ ಗೊಣಗಿದ. ಹೋಗಬಹುದು ಎಂದರು.

ಬಾಗಿಲ ಹಿಡಿ ಹಿಡಿದವಳಿಗೆ ಮೈಯೆಲ್ಲ ಉರಿಯಿತು. ಈ ತಿಂಗಳ ಕೊನೆಗೆ ಕ್ಲಿನಿಕ್ಕು ಮುಚ್ಚುತ್ತದೆ, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ತಿರುಗಿ ನಿಂತು ಹೇಳಿಯೇಬಿಟ್ಟೆ: ‘ಮೇಡಂ, ನಮ್ ಪರೀಕ್ಷೇಲಿ ತುಟಿ ಅಲ್ಲಾಡಿಸಿದ್ರೆ ಫೇಲು. ಅದೇ ರೂಢಿ ಆಗ್ಬಿಟ್ಟಿದೆ.’

ಅವರು ನಗಲಿಲ್ಲ. ‘ಇಲ್ಲಿ ಸುಮ್ನಿದ್ರೆ ಫೇಲು. ಬನ್ನಿ, ಕೂತ್ಕೊಳ್ಳಿ’ ಎಂದರು.

ಇನ್ನೊಂದು ಪ್ರೋಗ್ರಾಮು ಕೊಟ್ಟರು, ಈ ಸಲ ಬಾಯಿ ಬಿಟ್ಟೆ. ತಡವರಿಸಿದೆ, ತಪ್ಪು ದಾರಿ ಹಿಡಿದೆ, ‘ಅಯ್ಯೋ, ಇದಲ್ಲ’ ಎಂದು ನನ್ನನ್ನೇ ಬೈದುಕೊಂಡೆ. ಅವರಿಗೆ ಬೇಕಾಗಿದ್ದುದು ಅದೇ. ಜೊತೆಗೆ ಕೆಲಸ ಮಾಡುವವಳ ತಲೆ ಹೇಗೆ ಓಡುತ್ತದೆಂದು ಅವರಿಗೆ ಕೇಳಿಸಬೇಕಂತೆ. ಹುಡುಗನೂ ಕುರ್ಚಿ ಹತ್ತಿರ ಎಳೆದುಕೊಂಡ.

ಹೊರಡುವಾಗ ಆಕೆ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿದೆ. ‘ಕೆಲಸ ಇರೋದು ಒಂದೇ. ಗುರುವಾರ ಇನ್ನೊಬ್ರು ಬರ್ತಾರೆ, ನಿಮ್ ಥರದ್ದೇ ಡಿಗ್ರಿ. ಅವ್ರನ್ನೂ ನೋಡಿ ಹೇಳ್ತೀವಿ.’

ಆ ಇನ್ನೊಬ್ಬರು ನೀನೇ ಕಣೇ. ಇದು ಕೈತಪ್ಪಿದರೆ ಅಣ್ಣನ ಟೈಲ್ಸ್ ಅಂಗಡಿಯ ಗಲ್ಲಾದಲ್ಲಿ ಕೂರಬೇಕೆಂದು ನಿನಗೆ ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಾರೆ. ನಾನು ಏನೂ ಹೇಳದಿದ್ದರೆ ನೀನು ನನ್ನ ಹಾಗೇ ಕಲ್ಲಾಗಿ ಕೂತು, ಎದ್ದು ಹೋಗುತ್ತೀಯ. ಬಾಗಿಲಲ್ಲಿ ತಿರುಗಿ ನಿಲ್ಲುವ ಸಿಟ್ಟು ನಿನಗೆ ಬರುವುದಿಲ್ಲ, ನೀನು ಅವಮಾನವನ್ನೂ ನಗೆಯಾಡಿ ಮರೆಯುವವಳು. ಕೆಲಸ ನನ್ನದಾಗುತ್ತದೆ. ನಾನು ಸುಳ್ಳನ್ನೂ ಹೇಳಬೇಕಾಗಿಲ್ಲ, ಫೋನು ಎತ್ತದಿದ್ದರೆ ಸಾಕು. ನಿನ್ನೆಯಿಂದ ಅದನ್ನೇ ಮಾಡುತ್ತಿದ್ದೆ.

ಹಾಗಾಗಿ ಕೇಳು. ಡಿಗ್ರಿ ಕೆಲಸಕ್ಕೆ ಬಂತು. ಅದಿಲ್ಲದಿದ್ದರೆ ನಮ್ಮ ಅರ್ಜಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಡಿಗ್ರಿ ಆ ಕುರ್ಚಿಯ ತನಕ ಕರೆದೊಯ್ಯುತ್ತದೆ, ಆಮೇಲೆ ನೀನುಂಟು, ನಿನ್ನ ಬಾಯುಂಟು. ಪೆನ್ನು ತೆಗೆದುಕೋ. ಅವರ ಮುಖ ನೋಡು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳು. ಸುಮ್ಮನೆ ಮಾತ್ರ ಕೂರಬೇಡ.

ಗೆದ್ದು ಬಾ ಎಂದು ಹರಸಲು ಮನಸ್ಸು ಒಪ್ಪುತ್ತಿಲ್ಲ, ಕ್ಷಮಿಸು. ಆ ಕೆಲಸ ನನಗೂ ಬೇಕು. ಆದರೆ ನೀನು ಸೋಲುವುದಾದರೆ, ನಿನಗೆ ಬರುವುದನ್ನೆಲ್ಲ ಹೇಳಿ ಸೋಲು. ಅಷ್ಟನ್ನು ಮನಸಾರೆ ಹರಸುತ್ತೇನೆ.

ಇಂತಿ,
ನಿನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವಳು