ಮೂತಿ ತಿರುಗಿಸಿದ ಕೆಟಲ್

ತಂಗಿ,

ಇದನ್ನು ನಿನಗೆ ಕಳಿಸುವುದಿಲ್ಲ. ಮನೆ ಬಿಟ್ಟು ಹೋದವಳು ನೀನು. ಮೊದಲ ಪತ್ರ ನೀನೇ ಬರೆಯಬೇಕು.

ಎದುರುಮನೆಯ ದರ್ಜಿ ಗೆಳತಿ ಚೂರು ಬಟ್ಟೆಗಳಲ್ಲಿ ಚಿತ್ರ ಹೊಲಿದು ಮಾರುವ ಪುಟ್ಟ ಅಂಗಡಿ ತೆರೆದಿದ್ದಾಳೆ. ಅದನ್ನು ನೋಡಿದ ಮೇಲೆ ನನ್ನ ಕೈಯೂ ಸುಮ್ಮನಿರಲಿಲ್ಲ. ಹಳೆಯ ನೀಲಿ ಪರದೆ ಕತ್ತರಿಸಿ ಒಂದು ಚಹಾ ಕೆಟಲ್ ಹೊಲಿದೆ. ಬರೀ ಕೆಟಲ್.

ಅಂಗಡಿಗೆ ಒಯ್ದು ತೋರಿಸಿದರೆ ಗೆಳತಿ ಬಿದ್ದುಬಿದ್ದು ನಕ್ಕಳು. "ಅಕ್ಕಾ, ಇದು ಕೆಟಲ್ ಅಲ್ಲ, ನಿಮ್ಮ ತಂಗಿ! ಹಿಡಿಕೆ ನೋಡಿ, ಸೊಂಟದ ಮೇಲೆ ಕೈ. ಮೂತಿ ನೋಡಿ, ಆ ಕಡೆ ತಿರುಗಿಸ್ಕೊಂಡಿದಾಳೆ."

"ಹೋಗಿ ಕಣ್ಣು ತೋರಿಸ್ಕೋ," ಎಂದೆ. ಆದರೆ ಗಿರಾಕಿಯೊಬ್ಬಳು ಅದನ್ನೇ ಕೇಳಿದಾಗ, "ಮಾರೋದಿಲ್ಲ" ಎಂದು ಕಿತ್ತುಕೊಂಡು ಬಂದೆ. ಏಕೆಂದು ನನಗೇ ತಿಳಿಯದು.

ಈಗ ಸೊಸೆ ಮೊಳೆ, ಸುತ್ತಿಗೆ ಹಿಡಿದು ನಿಂತಿದ್ದಾಳೆ. ಈ ಗೋಡೆಗೆ ಹಾಕಿದರೆ ಮೂತಿ ಬಾಗಿಲ ಕಡೆಗಿರುತ್ತದೆ, ಎದುರಿನ ಗೋಡೆಗೆ ಹಾಕಿದರೆ ಮನೆಯೊಳಕ್ಕೆ.

"ಎಲ್ಲಿ ಹೊಡೀಲಿ ಅತ್ತೆ? ಕೈ ನೋಯ್ತಿದೆ."

ಈ ಮನೆಯಲ್ಲಿ ನನ್ನ ಮಾತಿಲ್ಲದೆ ಒಂದು ಮೊಳೆಯೂ ಗೋಡೆಗಿಳಿದದ್ದಿಲ್ಲ. ಇವತ್ತು ಯಾವ ಗೋಡೆ ಎಂದು ಹೇಳಲು ಬರುತ್ತಿಲ್ಲ. ನೀನಿದ್ದಿದ್ದರೆ ನನ್ನನ್ನು ಕೇಳದೆ ಎಲ್ಲೋ ಒಂದು ಕಡೆ ಹೊಡೆದುಬಿಡುತ್ತಿದ್ದೆ. ನಾನು ಬೈಯುತ್ತಿದ್ದೆ.